ಬೇವಿನ ಪರೀಕ್ಷೆ

ತಂಗಿ ಮೋನಮ್ಮನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮುಚ್ಚಿದ ಕಿಟಕಿ ಬಾಗಿಲಿನ ತೂತಿನಿಂದ ಬಂದ ಬೆಳಕು ಹಾಸ್ಟೆಲ್ ಲೈಬ್ರರಿಯ ಗೋಡೆ ಮೇಲೆ ಬಿದ್ದಿದೆ, ಅದರಲ್ಲಿ ಶಹಾಪುರದ ರಸ್ತೆ ತಲೆಕೆಳಗಾಗಿ ಹರಿಯುತ್ತಿದೆ, ತಲೆಕೆಳಗಾದ ಸೈಕಲ್, ತಲೆಕೆಳಗಾದ ಹೆಂಗಸು, ಪಾದ ಮೇಲೆ — ಕತ್ತಲೆ ಕೋಣೆಯಲ್ಲಿ ಇಂಥದೇ ತೂತು ಮಾಡಿಕೊಂಡು ಬೆಳಕನ್ನು ಪರೀಕ್ಷಿಸಿದ ಸಾವಿರ ವರ್ಷ ಹಿಂದಿನ ಅರಬ್ ಪಂಡಿತ ನನ್ನ ಕೈಯಲ್ಲಿರುವ ಈ ಹರಿದ ಪುಸ್ತಕದಲ್ಲಿದ್ದಾನೆ, ಹಿರಿಯರು ಹೇಳಿದರೆಂದು ನಂಬಬೇಡ, ಕಣ್ಣು ಮೋಸ ಮಾಡುತ್ತದೆ ಅನ್ನುತ್ತಾನೆ, ಮುಂದಿನ ಪುಟದಲ್ಲಿ ಇನ್ನೊಬ್ಬ, ಬೆಂಕಿ ತಾಗಿದಾಗ ಹತ್ತಿ ಸುಡುವುದು ಕಾಣುತ್ತದೆ, ಬೆಂಕಿಯಿಂದಲೇ ಸುಟ್ಟಿತೆಂದು ಕಂಡವರು ಯಾರು ಎಂದು ಕೇಳುತ್ತಾನೆ, ರಜೆಗೆ ನಮ್ಮೂರು ಬೋನಾಳಕ್ಕೆ ಹೋದಾಗ ಇದನ್ನೇ ತಂಗಿಗೆ ಹೇಳಿದ್ದೆ, ಮೋನಮ್ಮ ನಕ್ಕಿದ್ದಳು, ಒಲಿಯಾಗ ಕೈ ಇಡು ಅಣ್ಣಾ, ಯಾರು ಸುಟ್ರು ಅಂತ ಗೊತ್ತಾಗ್ತದ. ಕಾಲುವೆ ಬಂದ ಮೇಲೆ ಊರಿಗೆ ಭತ್ತ ಬಂತು, ಭತ್ತಕ್ಕೆ ಇಲಿ, ಇಲಿಯ ಹಿಂದೆ ಹಾವು — ಅದೇ ರಜೆಯಲ್ಲಿ ಒಂದು ಮುಂಜಾನೆ ಏಳಕ್ಕೆ ಗದ್ದೆಗೆ ನೀರು ತಿರುವಲು ಹೋದ ಮೋನಮ್ಮನಿಗೆ ಬದುವಿನ ಮೇಲೆ ಏನೋ ಚುಚ್ಚಿತು, ಮುಳ್ಳಿರಬೇಕು ಅಂದಳು, ಹಾವನ್ನು ಯಾರೂ ನೋಡಲಿಲ್ಲ, ಊತವಿಲ್ಲ, ನೋವಿಲ್ಲ, ಹಿಮ್ಮಡಿಯ ಹತ್ತಿರ ಎರಡು ಚುಕ್ಕೆ. ಅಜ್ಜಿ ಬಾಲಮ್ಮ, ನಮ್ಮ ಆಯಿ, ಬೇವಿನ ಎಲೆ ಕಿತ್ತು ತಂದಳು. ಅಗಿಯವ್ವ, ರುಚಿ ಹೆಂಗ ಹತ್ತತದ? ಥೂ, ಕಹಿ ಅದ ಆಯಿ. ಕಹಿ ಹತ್ತಿದ್ರ ವಿಷ ಇಲ್ಲ ತಗೊ, ವಿಷ ಏರಿದ್ರ ಸಪ್ಪಗ ಹತ್ತತದ. ಸುರಪುರಕ್ಕೆ ಹೊರಟಿದ್ದ ಮಲ್ಲಣ್ಣ ಟ್ರ್ಯಾಕ್ಟರ್ ನಿಲ್ಲಿಸಿ ಕೂಗಿದ, ಏ ಬುಕ್ಕಿನ ಹುಳಾ, ನೀ ಹೇಳಪಾ, ದವಾಖಾನಿಗಿ ಒಯ್ಯೂನೇನು? ಎಲ್ಲರೂ ನನ್ನ ಮುಖ ನೋಡಿದರು, ಅವ ಶಾಣ್ಯಾ ಇದ್ದಾನ, ಅವ ಹೇಳ್ದಂಗ ಅಂದಳು ಆಯಿ, ನಾನು ಒಂದು ಎಲೆ ಕಿತ್ತು ಅಗಿದೆ, ಅಷ್ಟೇ ಕಹಿ, ಹಾವು ಕಚ್ಚದ ನನಗೂ ಕಹಿ, ಅವಳಿಗೂ ಕಹಿ, ಲೆಕ್ಕ ಸರಿ ಬಂತು, ಎಷ್ಟು ಹೆಮ್ಮೆ ನನಗೆ ಆಗ, ಬ್ಯಾಡ ಮಲ್ಲಣ್ಣ, ನೀ ಹೋಗು, ಪರೀಕ್ಷಾ ಮಾಡೀನಿ. ಮಲ್ಲಣ್ಣ ಹೋದ. ಈ ಪುಸ್ತಕದಲ್ಲೇ ಮೂರನೆಯವನೊಬ್ಬ ವೈದ್ಯ, ಔಷಧಿಯನ್ನು ಎರಡು ವಿರುದ್ಧ ರೋಗಗಳ ಮೇಲೆ ಪರೀಕ್ಷಿಸು ಅನ್ನುತ್ತಾನೆ, ಆ ಪುಟ ಆಗ ಓದಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ, ವಿಷ ಏರಿ ಸತ್ತವರ ಬಾಯಿಗೆ ಬೇವು ಹೇಗೆ ಹತ್ತಿತ್ತು ಎಂದು ಆಯಿಯನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ, ಆ ಎರಡನೆಯ ಪರೀಕ್ಷೆಯನ್ನು ಮೋನಮ್ಮಳೇ ಮಾಡಿದಳು, ಕಾಲುವೆ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತು ಎಲೆ ಅಗಿಯುತ್ತಲೇ ಇದ್ದಳು, ಅಣ್ಣಾ, ಕೆನಾಲ್ ಎರಡು ಕಾಣಾಕತ್ತಾವ ಅಂದಳು, ಬಿಸಿಲಿಗಿ ಕಣ್ಣು ಮೋಸ ಮಾಡ್ತಾವ ಅಂದೆ ನಾನು, ಹಾಗಂದೆ, ಒಂಬತ್ತಕ್ಕೆ ಅವಳ ರೆಪ್ಪೆಗಳು ತಾವೇ ಬೀಳತೊಡಗಿದವು, ಬೆರಳಿನಿಂದ ಎತ್ತಿ ಹಿಡಿದು ನನ್ನನ್ನು ನೋಡಿದಳು, ನಾಲಿಗೆ ತೊದಲುತ್ತಿತ್ತು, ಇನ್ನಾ ಕಹಿನೇ ಅದ ಅಣ್ಣಾ — ಹೊತ್ತುಕೊಂಡು ಕಾಲುವೆ ರಸ್ತೆಯಲ್ಲಿ ಓಡಿದೆ, ಅವಳ ಬರಿಗಾಲು ನನ್ನ ತೊಡೆಗೆ ಬಡಿಯುತ್ತಿತ್ತು, ಜೀಪೊಂದು ಸಿಕ್ಕಿತು, ಸುರಪುರ ಮುಟ್ಟಿದಾಗ ಹತ್ತು ಗಂಟೆ, ಡಾಕ್ಟರ್ ಅವಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಇಷ್ಟೊತ್ತನಕ ಏನ್ ಮಾಡಾಕತ್ತಿದ್ರಿ ಅಂದರು, ಪರೀಕ್ಷಾ ಮಾಡಾಕತ್ತಿದ್ವಿರಿ ಅಂದೆ. ಅವಳ ಹಲ್ಲಿನ ಸಂದಿಯಲ್ಲಿ ಹಸಿರು ಇತ್ತು. ಇಲ್ಲಿ ಲೈಬ್ರರಿ ಗೋಡೆ ಮೇಲಿನ ಹೆಂಗಸು ದಾಟಿ ಹೋದಳು, ರಸ್ತೆ ಖಾಲಿ, ಕಾಲುವೆಯ ಹಾಗೆ ಉದ್ದಕ್ಕೆ, ಕಣ್ಣು ಕಿರಿದು ಮಾಡಿದರೆ ಎರಡಾಗುತ್ತದೆ, ಕೆನಾಲ್ ಎರಡು ಕಾಣಾಕತ್ತಾವ ಅಣ್ಣಾ, ಎರಡು, ಎರಡು ಕಾಣಾಕತ್ತಾವ. ಇದ್ದದ್ದು ಒಂದೇ ಕಾಲುವೆ. ಹೋದದ್ದು ಮೂರು ತಾಸು, ಒಬ್ಬಳು ತಂಗಿ.