ಮಾತಿಗೇನೂ ಆಗಿಲ್ಲ

ಟಿಕ್ — ಒತ್ತಿದಳು, ಫಿಸಿಯೋಥೆರಪಿಸ್ಟ್ ತೂವಾಳ ಹೆಬ್ಬೆರಳು ಸದಾ ಆ ಪುಟ್ಟ ಗುಂಡಿಯ ಮೇಲೆಯೇ ಇರುತ್ತದೆ, ನಾನು ಮೇಜಿನ ಮೇಲಿನ ಮರದ ತುಂಡನ್ನು ಎತ್ತುವ ಕ್ಷಣಕ್ಕೇ ಕಾದಿರುತ್ತದೆ, ಎತ್ತುವುದೇನು ಬಂತು, ಬಲಗೈ ಬೆರಳು ಕೂದಲೆಳೆಯಷ್ಟು ಒಳಕ್ಕೆ ಮಡಚಿದರೂ ಸಾಕು, ಟಿಕ್, ಆಗ ನನ್ನ ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಹೊಲಿದಿಟ್ಟಿರುವ ಬೆಂಕಿಪೊಟ್ಟಣದಷ್ಟು ಯಂತ್ರ ಕತ್ತಿನ ನರಕ್ಕೆ ಒಂದು ಮಿಡಿತ ಕಳಿಸಬೇಕು, ಆ ಮಿಡಿತಕ್ಕೆ ಮೆದುಳು ಎಚ್ಚೆತ್ತು ಓಹೋ ಈ ಬೆರಳು ಬೇಕಾದದ್ದು ಎಂದು ಹೊಸ ದಾರಿ ಕಡಿದುಕೊಳ್ಳಬೇಕು, ಕಳಿಸುತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಒತ್ತುವ ತೂವಾಳಿಗೂ ಗೊತ್ತಿಲ್ಲ, ಪ್ರಯೋಗ ಎಂದರೆ ಹಾಗೆಯೇ ಅಂತೆ, ಅರ್ಧ ಜನರ ಯಂತ್ರ ನಿಜವಾಗಿ ಮಿಡಿಯುತ್ತದೆ, ಇನ್ನರ್ಧ ಜನರದ್ದು ಎದೆಯೊಳಗೆ ಸುಮ್ಮನೆ ಕೂತಿರುತ್ತದೆ, ಯಾರು ಯಾವ ಅರ್ಧ ಎಂಬ ಪಟ್ಟಿ ಬೇರೆ ಯಾವುದೋ ಊರಿನ ಕಂಪ್ಯೂಟರಿನಲ್ಲಿದೆ. ಇನ್ನೊಂದ್ಸಲ ಗುನ್ನೆಲ್, ಚೆನ್ನಾಗಿ ಬರ್ತಿದೆ, ಭುಜ ಎತ್ತಬೇಡಿ, ಬೆರಳು, ಬೆರಳು ಮಾತ್ರ — ಭುಜ ಬಿಟ್ಟು ಇನ್ನೇನನ್ನು ಎತ್ತಲಿ ತಾಯಿ, ಈ ಇಡೀ ಬಲಗೈಯಲ್ಲಿ ಹೇಳಿದ ಮಾತು ಕೇಳುತ್ತಿರುವುದು ಭುಜ ಒಂದೇ. ಆರು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ ಮುನ್ನೂರು ಸಲ, ಇವತ್ತು ಹದಿನೆಂಟನೆಯ ದಿನ, ಕೊನೆಯದು. ಮೊದಲ ವಾರ ಗಂಟಲಲ್ಲಿ ಕಚಗುಳಿಯಿಟ್ಟಂತಾಗಿ ಕೆಮ್ಮು ಬಂದಾಗ ಎಷ್ಟು ಹಿಗ್ಗಿದೆ, ನನ್ನದು ನಿಜದ ಯಂತ್ರವೇ ಎಂದು, ಆಮೇಲೆ ಗೊತ್ತಾಯಿತು ಕೆಳಗಿನ ಕ್ಯಾಂಟೀನಿನ ಹುಡುಗಿಯಿಂದ ಹಿಡಿದು ಇಡೀ ಆಸ್ಪತ್ರೆಗೇ ನೆಗಡಿ ಎಂದು.

ಕಿಟಕಿಯಾಚೆ ಪಾರ್ಕಿಂಗಿನ ಹಿಮ ಬೂದುಬಣ್ಣಕ್ಕೆ ತಿರುಗಿದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಆಲ್ವಾರ್ ಕೂತಿದ್ದಾನೆ, ಟೋಪಿ ಮಂಡಿಯ ಮೇಲೆ, ಕಣ್ಣು ನನ್ನ ಮೇಲೆ, ಹದಿನಾರು ತಿಂಗಳಿಂದ ಆ ಕಣ್ಣು ನನ್ನ ಮೇಲಿಂದ ಸರಿದಿಲ್ಲ, ಕಿವಿ ಕೇಳಿಸದವನಿಗೆ ಹೆಂಡತಿ ಬಿದ್ದದ್ದು ಗೊತ್ತಾಗಬೇಕಾದರೆ ನೋಡುತ್ತಲೇ ಇರಬೇಕಲ್ಲ. ಅದೃಷ್ಟ ನಿಮ್ದು, ಮಾತಿಗೇನೂ ಆಗಿಲ್ಲ! — ಪಾರ್ಶ್ವವಾಯು ಬಡಿದ ಮೊದಲ ವಾರ ವಾರ್ಡಿಗೆ ಬಂದವರೆಲ್ಲ ಅದನ್ನೇ ಹೇಳಿದರು, ನರ್ಸು, ಅವಳ ಹಿಂದೆ ಬಂದ ಇನ್ನೊಬ್ಬ ನರ್ಸು, ರೌಂಡಿಗೆ ಬಂದ ಡಾಕ್ಟರು, ಪಕ್ಕದ ಹಾಸಿಗೆಯ ಮುದುಕನಿಗೆ ಹೌದು ಎಂಬ ಒಂದೇ ಪದ ಉಳಿದಿತ್ತು, ನೀರು ಬೇಕಾದರೂ ಹೌದು, ಬೇಡವಾದರೂ ಹೌದು, ಅವನನ್ನು ತೋರಿಸಿ ನನಗೆ ಸಮಾಧಾನ ಹೇಳುತ್ತಿದ್ದರು, ನೋಡಿ, ನೀವು ಎಷ್ಟು ಚೆನ್ನಾಗಿ ಮಾತಾಡ್ತೀರಿ. ಯಾರ ಹತ್ತಿರ ಮಾತಾಡಲಿ? ಮನೆಯಲ್ಲಿರುವವನು ಒಬ್ಬನೇ, ಅವನಿಗೆ ಹುಟ್ಟಿದಾಗಿನಿಂದ ಒಂದು ಸದ್ದೂ ಕೇಳಿಸಿಲ್ಲ, ನಮ್ಮ ಮೂವತ್ತೈದು ವರ್ಷದ ಸಂಸಾರ ನಡೆದದ್ದು ಕೈಯಲ್ಲಿ, ಪ್ರೀತಿಸುತ್ತೇನೆ ಎಂದು ಹೇಳಿದ್ದು ಈ ಕೈ, ನಿನ್ನ ತಾಯಿಯನ್ನು ಇನ್ನೊಂದು ವಾರ ಮನೆಯಲ್ಲಿಟ್ಟುಕೊಂಡರೆ ನಾನು ಕಾಡಿಗೆ ಹೋಗುತ್ತೇನೆ ಎಂದದ್ದೂ ಈ ಕೈ, ಹೊಟ್ಟೆಪಾಡಿಗೆ ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ, ಹೆರಿಗೆ ಕೋಣೆಯಲ್ಲಿ ಕಿವುಡರ ಪಕ್ಕ ನಿಂತು ದುಭಾಷಿಯಾಗಿ ದುಡಿದದ್ದೂ ಇದೇ ಕೈ, ನನ್ನ ಮಾತು ಇದ್ದದ್ದು ಇದರಲ್ಲಿ. ಒಂದು ದಿನ ತಡೆಯಲಾರದೆ ಕೂಗಿಯೇ ಬಿಟ್ಟೆ, ಹೋಗಿದ್ದು ನನ್ನ ಮಾತೇ ಕಣಮ್ಮ, ಬಾಯಿ ಅಷ್ಟೇ ಉಳಿದಿರೋದು! ಆ ನರ್ಸು ನನ್ನ ಚೀಟಿಯಲ್ಲಿ ಮೂಡು ಏರುಪೇರು ಎಂದು ಬರೆದುಕೊಂಡು ಹೋದಳು. ಎಡಗೈ ಇದೆ, ಇದೆ ಅಂತ ನನಗೂ ಗೊತ್ತು, ಬೆಣ್ಣೆ ಕೊಡು, ಬಾಗಿಲು ಹಾಕು, ಮೀನು ಹಳಸಿದೆ, ಇಷ್ಟಕ್ಕೆ ಎಡಗೈ ಸಾಕು, ಅದಕ್ಕಿಂತ ಆಳದ್ದೇನಾದರೂ ಹೇಳಹೊರಟರೆ ತೊದಲುತ್ತದೆ, ಎರಡು ಕೈ ಬೇಕಾದ ಪದಗಳು ಅರ್ಧಕ್ಕೆ ಮುರಿಯುತ್ತವೆ, ಜೊತೆಗೆ ಈ ಮುಖ, ಸನ್ನೆಭಾಷೆಯ ಅರ್ಧ ವ್ಯಾಕರಣ ಮುಖದಲ್ಲಿದೆ ಎಂದು ನಾನೇ ಎಷ್ಟು ತರಗತಿಗಳಲ್ಲಿ ಹೇಳಿಕೊಟ್ಟಿದ್ದೇನೆ, ಹುಬ್ಬು ಏರಿದರೆ ಪ್ರಶ್ನೆ, ತುಟಿ ಇಳಿದರೆ ಇಲ್ಲ, ನನ್ನ ಬಲತುಟಿ ಯಾವಾಗಲೂ ಇಳಿದೇ ಇದೆ, ನಾನು ಏನು ಹೇಳಿದರೂ ಆಲ್ವಾರ್‌ಗೆ ಅದರ ಬಾಲಕ್ಕೊಂದು ಇಲ್ಲ ಕಾಣಿಸುತ್ತದೆ.

ಟಿಕ್. ಬೆರಳು ಬಂತೇ? ಬಂತು ಬಂತು, ಈ ಸಲ ತೋರುಬೆರಳು ಬಂತು, ಅನ್ನುತ್ತಾಳೆ ತೂವಾ, ಬಾಗಿಲ ಕಡೆ ತಿರುಗಿ ಆಲ್ವಾರ್‌ಗೆ ಹೆಬ್ಬೆರಳೆತ್ತಿ ತೋರಿಸುತ್ತಾಳೆ, ಅವನು ಮಗುವಿನ ಹಾಗೆ ನಗುತ್ತಾನೆ, ಆ ನಗು ನನ್ನಿಂದ ನೋಡಲಾಗುವುದಿಲ್ಲ, ಅದರೊಳಗೆ ಬೇಡಿಕೊಳ್ಳುವಂಥದ್ದು ಏನೋ ಇದೆ, ಈ ಬೆರಳುಗಳು ವಾಪಸು ಬಂದರೆ ಅವನು ಮಾಡದ ತಪ್ಪಿಗೆ ಕ್ಷಮೆ ಸಿಕ್ಕಂತೆ. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ನಾನು ಅಡುಗೆಮನೆಯಲ್ಲಿ ಬಿದ್ದೆ, ಕಾಫಿ ಪಾತ್ರೆ ಒಲೆಯ ಮೇಲಿತ್ತು, ಅವನು ಹಿತ್ತಲ ಶೆಡ್ಡಿನಲ್ಲಿ ದೋಣಿಯ ಪಕ್ಕೆಹಲಗೆಗೆ ಉಜ್ಜುಗೊರಡು ಹೊಡೆಯುತ್ತಿದ್ದ, ಶೆಡ್ಡಿನಲ್ಲಿ ಮಿಣುಕು ದೀಪವಿದೆ, ಮನೆಯ ಗುಂಡಿ ಒತ್ತಿದರೆ ಅಲ್ಲಿ ಹೊಳೆಯುತ್ತದೆ, ಗುಂಡಿ ಎದೆಯೆತ್ತರದಲ್ಲಿತ್ತು, ನಾನು ನೆಲದಲ್ಲಿದ್ದೆ, ಎಡ ಹಿಮ್ಮಡಿಯಿಂದ ನೆಲ ಬಡಿದೆ, ಮನೆಯೊಳಗಿದ್ದಿದ್ದರೆ ಆ ಅದುರು ಅವನ ಅಂಗಾಲಿಗೆ ಸಿಕ್ಕುತ್ತಿತ್ತು, ಅಂಗಳ ದಾಟಿ ಹೋಗಲಿಲ್ಲ, ಕೂಗಿದೆ, ಯಾಕೆ ಕೂಗಿದೆನೋ, ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವನ ಹೆಸರನ್ನು ಬಾಯಿಬಿಟ್ಟು ಕೂಗಿದೆ. ಮಧ್ಯಾಹ್ನ ಒಂದೂಕಾಲಿಗೆ ಹಸಿವಾಗಿ ಬಂದ. ಹೆಪ್ಪು ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆ ಗಡುವು, ಆಂಬುಲೆನ್ಸು ಬಂದು ತಲೆಯ ಸ್ಕ್ಯಾನು ಮುಗಿಯುವ ಹೊತ್ತಿಗೆ ಅದು ದಾಟಿತ್ತು, ಈಗ ಗಡುವು ದಾಟಿದವರಿಗೂ ಕೊಡುವುದುಂಟಂತೆ, ಮೆದುಳಿನಲ್ಲಿ ಉಳಿಸಿಕೊಳ್ಳುವಂಥ ಭಾಗ ಇನ್ನೂ ಇದ್ದರೆ, ನನ್ನ ಚಿತ್ರದಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ, ಬಟಾಣಿಯಷ್ಟು ಜಾಗ, ಆಗಲೇ ಸತ್ತಿತ್ತು. ಆಮೇಲೆ ಅವನು ಶೆಡ್ಡಿಗೆ ಕಾಲಿಟ್ಟಿಲ್ಲ, ಅರ್ಧ ಕಟ್ಟಿದ ದೋಣಿಯನ್ನು ಭಾವಮೈದುನ ಟ್ರೇಲರಿಗೆ ಹಾಕಿಕೊಂಡು ಹೋದ, ಮನೆಯ ಮೂಲೆಮೂಲೆಗೂ ಗುಂಡಿ ಬಂತು, ಎಲ್ಲವೂ ಮೊಣಕಾಲಿಗಿಂತ ಕೆಳಗೆ, ಬಚ್ಚಲಲ್ಲಿ ಎರಡು, ಸೋಫಾದ ಹಿಂದೆ ಒಂದು, ಹೊರಗಿನ ಮೆಟ್ಟಿಲ ಪಕ್ಕದಲ್ಲೊಂದು, ಇಪ್ಪತ್ತಮೂರು ಗುಂಡಿ, ಕಸ ಗುಡಿಸುವಾಗ ಪೊರಕೆ ತಾಗಿ ಇಡೀ ಮನೆ ಮಿಣುಕುತ್ತದೆ, ಅವನು ಬಿದ್ದಂಬೀಳ ಓಡಿಬರುತ್ತಾನೆ, ಏನಾಯ್ತು? ಏನೂ ಇಲ್ಲ ಮಾರಾಯ, ಪೊರಕೆ. ಆ ಗುಂಡಿಗಳನ್ನೆಲ್ಲ ಕಿತ್ತು ಕೆರೆಗೆ ಎಸೆಯುವಷ್ಟು ಸಿಟ್ಟು ಬರುತ್ತದೆ, ಸಿಟ್ಟು ಅವನ ಮೇಲಲ್ಲ.

ನನ್ನ ಮೇಲೆ. ಹಿಂದಿನ ದಿನದ್ದು ನನಗೊಬ್ಬಳಿಗೇ ಗೊತ್ತು. ಶಾಲೆಯಲ್ಲಿ ಪೋಷಕರ ಸಭೆ, ಟೀಚರು ಹುಡುಗಿಯ ಗಣಿತದ ಬಗ್ಗೆ ಹೇಳುತ್ತಿದ್ದಾರೆ, ನಾನು ಅವಳ ಕಿವುಡ ತಾಯಿಗೆ ಅದನ್ನು ಕೈಯಲ್ಲಿ ಹೇಳುತ್ತಿದ್ದೇನೆ, ವಾಕ್ಯದ ನಡುವೆ ಬಲಗೈ ನೆನೆದ ಕೈಗವಸಿನ ಹಾಗೆ ತೊಡೆಯ ಮೇಲೆ ಬಿತ್ತು, ಎತ್ತಿದರೆ ಏಳಲಿಲ್ಲ, ಆ ತಾಯಿ ಹೆದರಿ ನೋಡಿದಳು, ನಾನು ನಕ್ಕೆ, ರಾತ್ರಿ ಕೈಮೇಲೆ ಮಲಗಿದ್ದೆ ಕಣೇ ಎಂದು ಎಡಗೈಯಲ್ಲಿ ತಮಾಷೆ ಮಾಡಿದೆ, ಗೋಡೆ ಗಡಿಯಾರದಲ್ಲಿ ಐದು ನಿಮಿಷ, ಐದೇ ನಿಮಿಷ, ಬೆರಳು ಒಂದೊಂದಾಗಿ ವಾಪಸು ಬಂದವು. ಏನೂ ಗೊತ್ತಿಲ್ಲದವಳಲ್ಲ ನಾನು, ಅದೇ ಸಂಕಟ, ಅದಕ್ಕೆ ಎರಡು ವರ್ಷ ಮುಂಚೆ ಕಿವುಡರ ಸಂಘದಲ್ಲಿ ಪಾರ್ಶ್ವವಾಯುವಿನ ಬಗ್ಗೆ ಒಬ್ಬ ಡಾಕ್ಟರು ಮಾತಾಡಿದಾಗ ವೇದಿಕೆಯ ಮೇಲೆ ನಿಂತು ಅದನ್ನು ಸನ್ನೆಗೆ ತಿರುಗಿಸಿದವಳೇ ನಾನು, ಮುಖ ವಾಲಿದರೆ, ಕೈ ಬಿದ್ದರೆ, ಮಾತು ತೊದಲಿದರೆ, ಐದು ನಿಮಿಷದಲ್ಲಿ ಸರಿಹೋದರೂ ಸುಮ್ಮನಿರಬೇಡಿ, ದೊಡ್ಡದು ಹಿಂದೆಯೇ ಬರುತ್ತಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ — ಈ ಕೈಯೇ ಹೇಳಿತ್ತು, ನೂರು ಜನರಿಗೆ ಹೇಳಿತ್ತು, ಎರಡನೇ ಸಾಲಿನಲ್ಲಿ ಆಲ್ವಾರ್ ಕೂತಿದ್ದ. ಯಾಕೆ ಹೋಗಲಿಲ್ಲ? ಮಾರನೆಯ ವಾರ ಕೋರ್ಟಿನ ಕೆಲಸವಿತ್ತು, ದುಭಾಷಿಯ ಕೈ ನಡುಗುತ್ತದಂತೆ ಎಂದು ಒಬ್ಬರ ಬಾಯಿಗೆ ಬಿದ್ದರೆ ಊರಿಗೆಲ್ಲ ಹರಡುತ್ತದೆ, ಹೆದರಿದೆ, ಅಷ್ಟೇ, ಹೆದರಿ ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಅವನಿಗೆ ಹೇಳಲು ಹದಿನಾರು ತಿಂಗಳಿತ್ತು. ಎಡಗೈಯಲ್ಲಿ ಟೈಪು ಮಾಡಬಹುದಿತ್ತಲ್ಲ ಅಂತ ಯಾರಾದರೂ ಕೇಳಿದರೆ, ಮಾಡಿದ್ದೇನೆ, ಹನ್ನೊಂದು ಸಲ ಟೈಪು ಮಾಡಿ ಅಳಿಸಿದ್ದೇನೆ, ಬರೆದರೆ ಅದು ಸರ್ಕಾರಿ ಕಾಗದದ ಹಾಗಿರುತ್ತದೆ, ಅವನಿಗೆ ಬರಹ ಎಂದರೆ ಪರಭಾಷೆ, ಕೈ ಬಂದ ಮೇಲೆ ಹೇಳುತ್ತೇನೆ, ನನ್ನ ಕೈಯಲ್ಲೇ, ಪೂರ್ತಿ ವಾಕ್ಯದಲ್ಲಿ ಹೇಳುತ್ತೇನೆ ಅಂದುಕೊಂಡೆ, ಅದಕ್ಕೇ ಎದೆ ಕುಯ್ಯಿಸಿಕೊಂಡು ಈ ಪ್ರಯೋಗಕ್ಕೆ ಬಂದದ್ದು — ಇಲ್ಲ, ಸುಳ್ಳು, ಕೈ ಬರಲಿ ಎಂದು ಕಾದೆನೋ, ಕೈ ಬಾರದಿರುವುದನ್ನೇ ನೆಪ ಮಾಡಿಕೊಂಡೆನೋ, ಅದು ನನಗೇ ಬಗೆಹರಿಯುವುದಿಲ್ಲ.

ಮುಗೀತು ಗುನ್ನೆಲ್, ಮುನ್ನೂರೂ ಆಯ್ತು, ಗ್ರೇಟ್! ಅನ್ನುತ್ತಾ ತೂವಾ ನನ್ನ ಕೈಯನ್ನು ಮೇಜಿನಿಂದ ಎತ್ತಿ ನನ್ನದೇ ತೊಡೆಯ ಮೇಲಿಡುತ್ತಾಳೆ. ಈಗ ಡಾಕ್ಟರ್ ಫಾಲ್ಕ್ ಅವರ ಕೋಣೆ, ಕೊನೆಯ ಅಳತೆ, ಆಲ್ವಾರ್‌ಗಾಗಿ ಆಸ್ಪತ್ರೆಯವರು ಕರೆಸಿರುವ ದುಭಾಷಿ ಆಗಲೇ ಕೂತಿದ್ದಾಳೆ, ಪೆರ್ನಿಲ್ಲಾ, ನನ್ನ ಶಿಷ್ಯೆ, ಮೂರು ವರ್ಷ ಅವಳ ಬೆರಳು ತಿದ್ದಿದವಳು ನಾನು, ಅವಳು ನನ್ನ ಮುಖ ನೋಡಲು ಸಂಕೋಚಪಡುತ್ತಾಳೆ. ಕೈಯ ಚಲನೆಗೆ ಅರವತ್ತಾರಕ್ಕೆ ಇಪ್ಪತ್ನಾಲ್ಕು ಪಾಯಿಂಟು ಇತ್ತು, ಈಗ ಇಪ್ಪತ್ತೊಂಬತ್ತು, ಐದು ಜಾಸ್ತಿ, ಒಳ್ಳೇದೇ ಇದು, ಅನ್ನುತ್ತಾರೆ ಫಾಲ್ಕ್. ಐದು ಅಂದ್ರೆ ಏನು ಡಾಕ್ಟ್ರೇ? ಅಂದ್ರೆ, ಲೋಟ ಹಿಡಿಯಬಹುದು ಮುಂದೆ. ಯಂತ್ರ ಮಿಡಿದು ಬಂದ ಐದೋ, ಮಿಡಿಯದೇ ಬಂದ ಐದೋ? ಅದು ನನಗೂ ಗೊತ್ತಿಲ್ಲ, ಎಲ್ಲರದ್ದೂ ಮುಗಿದ ಮೇಲೇ ಪಟ್ಟಿ ತೆಗೆಯೋದು, ಸುಮ್ಮನಿದ್ದ ಗುಂಪು ಅಂತಾದ್ರೆ ನಿಮಗೂ ಆಮೇಲೆ ಆನ್ ಮಾಡ್ತೀವಿ. ಪೆರ್ನಿಲ್ಲಾಳ ಕೈಗಳು ಎಲ್ಲವನ್ನೂ ಆಲ್ವಾರ್‌ಗೆ ತಲುಪಿಸುತ್ತಿವೆ, ಎಷ್ಟು ಸಲೀಸಾದ ಕೈಗಳು, ಹೊಟ್ಟೆ ಉರಿಯುತ್ತದೆ. ಆಗ ಅವನು ಕೇಳುತ್ತಾನೆ, ಪ್ರತಿ ಸಲ ಪ್ರತಿ ಡಾಕ್ಟರಿಗೂ ಕೇಳುವುದನ್ನೇ, ಪೆರ್ನಿಲ್ಲಾ ಅದಕ್ಕೆ ದನಿ ಕೊಡುತ್ತಾಳೆ, ನಾನು ಹನ್ನೊಂದಕ್ಕೇ ಕಾಫಿಗೆ ಅಂತ ಒಳಗೆ ಬಂದಿದ್ರೆ? ಫಾಲ್ಕ್ ಒಳ್ಳೆಯ ಮನುಷ್ಯ, ಸುಳ್ಳು ಹೇಳುವುದಿಲ್ಲ, ಬೇಗ ಬಂದಿದ್ರೆ ಖಂಡಿತ ಔಷಧಿ ಕೊಡ್ತಿದ್ವಿ, ಎಷ್ಟು ಉಪಯೋಗ ಆಗ್ತಿತ್ತೋ ಹೇಳೋಕಾಗಲ್ಲ. ಆಲ್ವಾರ್ ತಲೆಯಾಡಿಸುತ್ತಾನೆ, ಟೋಪಿಯನ್ನು ಹಿಂಡುತ್ತಾನೆ, ಆ ತಲೆಯಾಡಿಕೆ — ಸಾಕು, ಇನ್ನು ನನ್ನಿಂದಾಗದು.

ಎಡಗೈ ಎತ್ತಿದೆ. ನನ್ನ ಕಡೆ ನೋಡು. ಹಿಂದಿನ ದಿನ. ಕೈ. ಬಿತ್ತು. ಅವನು ಹುಬ್ಬು ಗಂಟಿಕ್ಕಿದ, ಬಿದ್ಯಾ? ನಿನ್ನೆ ಬಿದ್ಯಾ? ಎಲ್ಲಿ? ಎದ್ದು ಬಂದು ನನ್ನ ಮಂಡಿ ಮುಟ್ಟಿ ನೋಡುತ್ತಾನೆ. ಅಲ್ಲ ಕಣೋ, ನಾನಲ್ಲ, ಕೈ, ಅವತ್ತಿನ ಹಿಂದಿನ ದಿನ, ಐದು ನಿಮಿಷ — ಐದು ಪಾಯಿಂಟು, ಹೌದು, ಒಳ್ಳೇದಲ್ವಾ, ಎನ್ನುತ್ತಾನೆ ಅವನು, ನಗಲು ನೋಡುತ್ತಾನೆ. ಬಲಗೈಯನ್ನು ಜೊತೆಗೆಳೆದರೆ ಅದು ನನ್ನ ಹೊಟ್ಟೆಗೆ ಬಡಿದು ಜಾರುತ್ತದೆ, ಸುಮ್ಮನಿದ್ದೆ ಎಂದರೆ ಇವನಿಗೆ ಸುಮ್ಮನಿರು ಎಂದು ಕಾಣುತ್ತಿದೆ, ಹದಿನೆಂಟು ದಿನ, ದಿನಕ್ಕೆ ಮುನ್ನೂರು ಸಲ, ಒಂದು ವಾಕ್ಯ ಬರಲಿಲ್ಲವಲ್ಲ ದೇವರೇ, ಒಂದೇ ಒಂದು ವಾಕ್ಯ. ಹಾಳಾಗಿ ಹೋಗಲಿ. ಪೆರ್ನಿಲ್ಲಾ, ನೀನೇ ಹೇಳು. ಬಾಯಿಬಿಟ್ಟು ಹೇಳಿಬಿಟ್ಟೆ, ಶಾಲೆ, ಕೈ ಬಿದ್ದದ್ದು, ಐದು ನಿಮಿಷ, ಅದು ಏನೆಂದು ನನಗೆ ಗೊತ್ತಿದ್ದದ್ದು, ಮುಚ್ಚಿಟ್ಟದ್ದು. ಪೆರ್ನಿಲ್ಲಾಳ ಕೈಗಳು ಗಾಳಿಯಲ್ಲೇ ನಿಂತವು, ಗುನ್ನೆಲ್, ನಿಜವಾಗ್ಲೂ ಹೇಳ್ಲಾ? ಕೋಣೆಯಲ್ಲಿ ಆಡಿದ್ದೆಲ್ಲ ಕೈಗೆ ಬರಬೇಕು ಅಂತ ನಿನಗೆ ಹೇಳಿಕೊಟ್ಟಿದ್ದು ಯಾರು, ಹೇಳು. ಹೇಳಿದಳು. ಚೊಕ್ಕವಾಗಿ, ಒಂದು ಬೆರಳೂ ತಪ್ಪದೆ, ನಾನು ಹೇಳುತ್ತಿದ್ದುದಕ್ಕಿಂತ ಚೆನ್ನಾಗಿ ಹೇಳಿದಳು, ನನ್ನ ಬದುಕಿನ ಅತಿ ಕೆಟ್ಟ ಮಾತನ್ನು ಇನ್ನೊಬ್ಬಳ ಚೆಂದದ ಕೈಗಳಲ್ಲಿ ನಾನೂ ನೋಡಿದೆ.

ಆಲ್ವಾರ್ ನನ್ನ ಕಡೆ ತಿರುಗಿದ. ಅವತ್ತು ಸಂಜೆ ಕೇಳ್ದೆ ನಿನ್ನ, ಅವನ ಕೈ ನಿಧಾನ, ಮಗುವಿಗೆ ಹೇಳುವಷ್ಟು ನಿಧಾನ, ಊಟದ ಹೊತ್ತಲ್ಲಿ, ಯಾಕೆ ಹೀಗಿದ್ದೀಯ ಅಂತ. ಕೇಳಿದ್ದ. ಏನೂ ಇಲ್ಲ ಅಂದೆ ನೀನು. ಅಂದಿದ್ದೆ. ಎರಡು ಕೈಯಲ್ಲೂ ಅಂದೆ. ಹೌದು. ಒಂದು ವರ್ಷದ ಮೇಲಾಯ್ತು ಗುನ್ನೆಲ್. ನನ್ನ ಎಡಗೈ ಉತ್ತರಕ್ಕೆ ಮೇಲೆದ್ದಿತು, ಕೇಳು, ನಾನು — ಅವನು ಅದನ್ನು ಮಣಿಕಟ್ಟಿನಲ್ಲಿ ಹಿಡಿದುಕೊಂಡ, ಮೆತ್ತಗಲ್ಲ, ಒರಟಾಗಿಯೂ ಅಲ್ಲ, ಹಿಡಿದುಕೊಂಡು ಕಣ್ಣು ಮುಚ್ಚಿದ. ಮೂವತ್ತೈದು ವರ್ಷದ ಎಲ್ಲ ಜಗಳಗಳಲ್ಲಿ ಇವನು ಬಾಗಿಲು ಬಡಿದು ಹೋಗಿದ್ದಾನೆ, ತಟ್ಟೆ ಒಡೆದಿದ್ದಾನೆ, ಕಣ್ಣು ಮಾತ್ರ ಒಮ್ಮೆಯೂ ಮುಚ್ಚಿಲ್ಲ, ಕಿವುಡ ಕಣ್ಣು ಮುಚ್ಚಿದರೆ ಇನ್ನು ಮಾತಿಲ್ಲ. ಫಾಲ್ಕ್ ಏನೋ ಹೇಳುತ್ತಿದ್ದಾರೆ, ಪೆರ್ನಿಲ್ಲಾಳ ಕೈಗಳು ಯಾರಿಗೆ ಹೇಳುವುದೆಂದು ತಿಳಿಯದೆ ಮಡಿಲಿಗೆ ಇಳಿದಿವೆ, ಹಿಡಿತ ಬಿಡುತ್ತಿಲ್ಲ ಇವನು, ನನ್ನ ಕೈ ಹಿಡಿದುಕೊಂಡಿದ್ದಾನೋ, ನನ್ನ ಬಾಯಿ ಮುಚ್ಚಿಸಿದ್ದಾನೋ, ಹೆಬ್ಬೆರಳು ನನ್ನ ನಾಡಿಯ ಮೇಲಿದೆ, ಆಲ್ವಾರ್, ಎನ್ನುತ್ತೇನೆ, ದನಿ ಎಷ್ಟು ಸ್ಪಷ್ಟವಾಗಿದೆ, ಆಲ್ವಾರ್, ರೆಪ್ಪೆಯಂಚಿನಲ್ಲಿ ಒದ್ದೆ, ತೆರೆಯುತ್ತಿಲ್ಲ, ಮುಚ್ಚಿದ ಎರಡು ರೆಪ್ಪೆ, ತೆರೆಯೋ, ಒಂದು ಸಲ ತೆರೆಯೋ, ಮುಚ್ಚಿದ ಎರಡು ರೆಪ್ಪೆ, ಮುಚ್ಚಿದ —