ಮದ್ದಲ್ಲ, ಸತ್ತು

2024ರ ಆಗಸ್ಟ್ 12, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮಧುರೆಯ ಆಸ್ಪತ್ರೆಯೊಂದರಲ್ಲಿ ಮಾದವನ್ ಡಾಕ್ಟರಮ್ಮನ ಎದುರು ಕೂತು ಅವರ ಮುಖವನ್ನೇ ನೋಡುತ್ತಿದ್ದ. ಅವರು ಅವನ ರಕ್ತಪರೀಕ್ಷೆಯ ಹಾಳೆ ನೋಡುತ್ತಿದ್ದರು.

ಚಿನ್ನಮನೂರಿನಲ್ಲಿರುವ ಅವನ ಅಕ್ಕ ಜೆಯಂತಿಯ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ತೇನಿಗೆ ಹೋಗಿ, ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಅಮ್ಮನಿಗೆ ಸಕ್ಕರೆ ಕಾಯಿಲೆ, ಭಾವನ ರಕ್ತದ ಗುಂಪು ಬೇರೆ. ಕಿಡ್ನಿ ಕೊಡಲು ಉಳಿದವನು ತಮ್ಮನೊಬ್ಬನೇ. ಇಲ್ಲಿಯವರೆಗೆ ಅವನ ಪರೀಕ್ಷೆಗಳೆಲ್ಲ ಹೊಂದಿಕೊಂಡೇ ಬಂದಿದ್ದವು.

"ಕ್ರಿಯಾಟಿನಿನ್ 1.6 ಇದೆಯಪ್ಪಾ," ಡಾಕ್ಟರಮ್ಮ ತಮಿಳಿನಲ್ಲಿ ಹೇಳಿದರು. "ನಿನ್ನ ವಯಸ್ಸಿನ ಗಂಡಸಿಗೆ 1.2ರ ಒಳಗೇ ಇರಬೇಕು. ಇದು ನಮ್ಮ ಸ್ನಾಯುಗಳಲ್ಲಿ ಹುಟ್ಟೋ ಕಸ. ಅದನ್ನ ಸೋಸಿ ಹೊರಗೆ ಹಾಕೋದು ಕಿಡ್ನಿ ಕೆಲಸ. ರಕ್ತದಲ್ಲಿ ಕಸ ಜಾಸ್ತಿಯಾದ್ರೆ ಸೋಸೋ ಕೆಲಸ ಸರಿಯಾಗಿ ನಡೀತಿದೆಯಾ ಅಂತ ಅನುಮಾನ ಬರುತ್ತೆ. ಏನಾದ್ರೂ ಮದ್ದು ತಗೋತೀಯಾ? ನೋವಿನ ಮಾತ್ರೆ, ನಾಟಿ ಔಷಧ?"

"ಇಲ್ಲ, ಡಾಕ್ಟರ್."

ಹಿಂದೆ ಬಂದಾಗಲೂ ಇದೇ ಪ್ರಶ್ನೆ, ಇದೇ ಉತ್ತರ. ಅವನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

"ಹೀಗಿದ್ರೆ ನಿನ್ನ ಕಿಡ್ನಿ ತೆಗೆಯೋಕಾಗಲ್ಲ. ತಗೊಂಡವರ ಹಾಗೆ ಕೊಟ್ಟವರೂ ನೆಟ್ಟಗೆ ಬದುಕಬೇಕಲ್ವಾ? ಹೊರಗೆ ಕೂತಿರು. ಊಟ ತಿಂಡಿ ವಿಚಾರ ನೋಡ್ಕೊಳ್ಳೋ ತಜ್ಞೆ ಕರೀತಾರೆ, ಅವರ ಹತ್ರ ಮಾತಾಡಿ ಬಾ."

ಮಾದವನ್ ಹೊರಗೆ ಬೆಂಚಿನ ತುದಿಯಲ್ಲಿ ಕೂತ. ಸುತ್ತಲೂ ಒಬ್ಬೊಬ್ಬ ರೋಗಿಯ ಜೊತೆ ಮೂರು ಮೂರು ಜನ ಬಂದಿದ್ದರು. ಇವನ ಪಕ್ಕದಲ್ಲಿ ಇವನ ಚೀಲ ಮಾತ್ರ ಇತ್ತು. ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ತಲೆಮಾರುಗಳಿಂದ ತಮಿಳು ನಾಡಿನಲ್ಲಿರುವ ಅವರ ಮನೆಯ ಕನ್ನಡದಲ್ಲಿ ‘ಹೇಳು’ ಎಂಬುದು ‘ಸೊಲ್ಲು’, ‘ತಮ್ಮ’ ಎಂಬುದು ‘ತಂಬಿ’.

"ಏನ್ ಸೊಲ್ಲಿದ್ರು ತಂಬಿ?"

"ಇನ್ನೂ ಕರೀಲಿಲ್ಲೆ ಅಕ್ಕಾ."

"ಉಂಡಿಯಾ?"

"ಆಯ್ತು."

ಎರಡೂ ಸುಳ್ಳು. ಎರಡನೆಯದನ್ನು ಅವನು ಎಷ್ಟೋ ತಿಂಗಳಿಂದ ಹೇಳುತ್ತಾ ಬಂದಿದ್ದ.

ಅವನಿಗೆ ದಿಂಡಿಗಲ್‌ನಲ್ಲಿ ಬೀಗದ ಸಗಟು ಅಂಗಡಿಯೊಂದರಲ್ಲಿ ಸರಕು ಕಳಿಸುವ ಕೆಲಸ. ವಾಸ ಒಂದು ಬೀಗದ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ. ಹಗಲೆಲ್ಲ ಕೆಳಗೆ ಅರ ಉಜ್ಜುವ ಸದ್ದು. ಸಂಜೆ ಅದು ನಿಂತರೆ ಮಾತಾಡಿಸುವವರಿಲ್ಲ. ಮೆಸ್ಸಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುವುದು ಅವನಿಗೆ ಬೇಸರವಾಗಿತ್ತು. ಮನೆಯ ಕನ್ನಡ ದಿನಕ್ಕೊಮ್ಮೆ ಫೋನಿನಲ್ಲಿ ಕೇಳಿದರೆ ಕೇಳಿತು.

ಒಮ್ಮೆ ಅಕ್ಕ ನಗೆಯಾಡಿದ್ದಳು: "ನೀನೇ ಒಣಕಲು ಕಡ್ಡಿ. ನಿನ್ ಕಿಡ್ನಿ ಎತ್ಕೊಂಡು ನಾನೇನ್ ಮಾಡ್ಲಿ?" ಅವಳು ಹೇಳಿ ಮರೆತಳು. ಇವನು ಮರೆಯಲಿಲ್ಲ. ಒಂದನ್ನು ಕೊಟ್ಟ ಮೇಲೆ ಉಳಿದ ಒಂದರಲ್ಲಿ ಬದುಕಬೇಕಾದರೆ ಮೈ ಗಟ್ಟಿಯಾಗಬೇಕೆಂದು ಜಿಮ್ಮಿಗೆ ಸೇರಿದ. ಅಲ್ಲಿಯ ತರಬೇತುದಾರ ವಿಮಲ್ ಎರಡು ಪೊಟ್ಟಣ ಕೊಟ್ಟ. ಒಂದರಲ್ಲಿ ಕಂದು ಪುಡಿ, ಇನ್ನೊಂದರಲ್ಲಿ ಬಿಳಿ ಪುಡಿ. "ಸತ್ತು ಪೊಡಿ, ತಲೈವಾ," ಎಂದಿದ್ದ. ತಮಿಳಿನಲ್ಲಿ ಸತ್ತು ಎಂದರೆ ಮೈಗೆ ಬಲ ಕೊಡುವ ಸಾರ. ಮಗುವಿನ ಗಂಜಿಗೂ ಅದೇ ಮಾತು. ಅಂದಿನಿಂದ ಬೆಳಿಗ್ಗೆ ಸಂಜೆ ಬಾಟಲಿ ಅಲ್ಲಾಡಿಸಿ ಕುಡಿಯುವುದೇ ಅವನ ಊಟವಾಯಿತು. ಬಾಟಲಿಯೊಳಗಿನ ತಂತಿಯ ಉಂಡೆ ಗಲಗಲ ಅನ್ನುವುದು ಆ ಕೋಣೆಯ ಸಂಜೆಯ ಸದ್ದು.

"ಯಾವೂರಪ್ಪಾ ನಿಂದು?"

ಮಾದವನ್ ಬೆಚ್ಚಿ ತಲೆಯೆತ್ತಿದ. ಕನ್ನಡ! ಎದುರಿನ ಬಾಗಿಲಲ್ಲಿ ಬಿಳಿ ಕೋಟಿನ ಹೆಂಗಸೊಬ್ಬರು ನಿಂತಿದ್ದರು. ಅವರೇ ಆಹಾರ ತಜ್ಞೆ ತಿಲಗವತಿ.

"ಕೊಂಬೈ ಅಮಾ. ಅಕ್ಕನ್ನ ಕೊಟ್ಟಿರೋದು ಚಿನ್ನಮನೂರು."

"ನಾನು ಕಂಬಂನವಳು. ಫೋನಲ್ಲಿ ಮಾತಾಡಿದ್ದು ಕಿವಿಗೆ ಬಿತ್ತು. ಒಳಗೆ ಬಾ ಕಣ್ಣು," ಎಂದು ಮಗುವನ್ನು ಕರೆಯುವಂತೆ ಕರೆದರು. ಕುರ್ಚಿ ತೋರಿಸಿ ಕೇಳಿದರು, "ನೀನು ಯಾವ ಮದ್ದೂ ತಗೊಳ್ಳೋದಿಲ್ಲೆ ಅಂತ ಬರ್ದವ್ರೆ. ಇರ್ಲಿ. ಎದ್ದಾಗಿಂದ ಮಲಗೋತನಕ ಬಾಯಿಗೆ ಏನೇನ್ ಹೋಗುತ್ತೆ, ಎಲ್ಲಾ ಸೊಲ್ಲು."

ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. "ಬೆಳಿಗ್ಗೆ ಸತ್ತು ಪೊಡಿ. ಮಧ್ಯಾಹ್ನ ಮೆಸ್ಸಲ್ಲಿ ಒಂದ್ ಸಾಪಾಡು. ಸಾಯಂಕಾಲ ಮತ್ತೆ ಸತ್ತು ಪೊಡಿ."

"ಅದನ್ನ ಡಾಕ್ಟರ್‌ಗೆ ಸೊಲ್ಲಿದ್ಯಾ?"

"ಅವ್ರು ಮದ್ದು ಕೇಳಿದ್ರು. ಇದು ಮದ್ದಲ್ಲ ಅಮಾ, ಸತ್ತು."

ತಿಲಗವತಿ ಪೆನ್ನು ಕೆಳಗಿಟ್ಟರು. "ಅವರ ಮಾತ್ನಲ್ಲಿ ಸತ್ತು ಅಂದ್ರೆ ಬಲ. ನಮ್ ಮಾತ್ನಲ್ಲಿ ಏನು ಅಂತ ನಾನ್ ಸೊಲ್ಬೇಕಾ?"

ಮಾದವನ್‌ಗೆ ನಗು ಬಂತು. ಅವನು ಚೀಲದಿಂದ ಪೊಟ್ಟಣಗಳನ್ನು ತೆಗೆದಿಟ್ಟ. ಎರಡರ ಮೇಲೂ ಒಂದಕ್ಷರವಿರಲಿಲ್ಲ.

"ಈ ಬಿಳಿ ಪುಡಿಗೆ ಏನಂತ ಹೆಸರು ಸೊಲ್ದ?"

"ಕ್ರಿಯಾಟಿನ್ ಅಂದ."

"ನಿಜವಾಗ್ಲೂ ಅದೇ ಆಗಿದ್ರೆ, ಅದು ಮೈಯಲ್ಲಿ ಕರಗಿ ಆಗೋದೇ ಕ್ರಿಯಾಟಿನಿನ್. ಕಿಡ್ನಿ ಚೆನ್ನಾಗಿದ್ರೂ ರಕ್ತದಲ್ಲಿ ಅಂಕಿ ಏರುತ್ತೆ. ಅದಲ್ಲದೆ ಬೇರೇನಾದ್ರೂ ಬೆರಸಿದ್ರೆ, ಕಿಡ್ನಿಗೇ ಪೆಟ್ಟು ಬಿದ್ದಿರಬಹುದು. ಹೆಸರಿಲ್ಲದ ಪೊಟ್ಟಣ, ಹೆಂಗೆ ನಂಬೋದು? ಯಾವುದು ಅಂತ ಇವತ್ತೇ ಸೊಲ್ಲೋಕಾಗಲ್ಲ."

"ಹಂಗಾದ್ರೆ ಪ್ರೊಟೀನ್ ಪುಡಿ ಎಲ್ಲಾ ವಿಷವಾ ಅಮಾ?"

"ಯಾರ್ ಸೊಲ್ದ್ರು? ಒಳ್ಳೇ ಪುಡಿ ಹಾಲಿನ ಸಾರವೇ. ಆರೋಗ್ಯವಾಗಿರೋರಿಗೆ, ಊಟದಲ್ಲಿ ಸಾಲದೆ ಬಂದ್ರೆ, ಅಳತೆ ನೋಡಿ ತಗೊಂಡ್ರೆ ತೊಂದರೆಯಿಲ್ಲೆ. ಕಸರತ್ತು ಮಾಡೋ ನಿನ್ನಂಥ ಅರವತ್ತೆಂಟು ಕಿಲೋ ಆಳಿಗೆ ದಿನಕ್ಕೆ ಎಂಬತ್ತರಿಂದ ನೂರು ಗ್ರಾಂ ಪ್ರೊಟೀನ್ ಸಾಕು. ಎರಡು ಮೊಟ್ಟೆ, ಒಂದು ಬಟ್ಟಲು ಹುರುಳಿ, ಒಂದು ಹಿಡಿ ಕಡಲೆಕಾಯಿ, ಮೊಸರು, ಅನ್ನ, ಅಷ್ಟರಲ್ಲೇ ಅರವತ್ತು ಗ್ರಾಂ ಹತ್ರ ಬಂತು. ಪರೀಕ್ಷೆ ಮುಗಿಯೋತನಕ ಕಸರತ್ತು ಇಲ್ಲೆ, ಅಲ್ಲೀತನಕ ನಿಂಗೆ ಅದೇ ಬೇಕಾದಷ್ಟು."

ಅವರೇ ಅವನನ್ನು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದರು. ಡಾಕ್ಟರಮ್ಮ ಪೊಟ್ಟಣಗಳನ್ನು ನೋಡಿ ಬೈಯಲಿಲ್ಲ. ಎರಡೂ ಪುಡಿ ನಿಲ್ಲಿಸಬೇಕು, ಭಾರ ಎತ್ತಬಾರದು, ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು ಎಂದರು. ಅಂಕಿ ಇಳಿದರೆ ಮುಂದಿನ ಮಾತು, ಇಳಿಯದಿದ್ದರೆ ಅಕ್ಕನಿಗೆ ಬೇರೆ ದಾರಿ ಹುಡುಕಬೇಕು.

ಮಾರನೆಯ ದಿನ ಪೊಟ್ಟಣಗಳನ್ನು ವಿಮಲ್‌ನ ಮುಂದಿಟ್ಟಾಗ ಅವನು ತೋಳು ಮಡಚಿ ತೋರಿಸಿದ. "ಡಾಕ್ಟರುಗಳು ಹಂಗೇ ಹೆದರಿಸ್ತಾರೆ, ತಲೈವಾ. ನಾನೂ ಇದನ್ನೇ ಕುಡಿಯೋದು. ಆನೆ ಹಂಗಿಲ್ವಾ?"

"ಇದರಲ್ಲಿ ಏನಿದೆ?"

"ಪವರ್ ಇದೆ."

"ಎಲ್ಲಿ ಬರೆದಿದೆ?"

ವಿಮಲ್ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿದ. ಅವನಿಗೂ ಅದು ಯಾರೋ ಮೂಟೆಯಿಂದ ತುಂಬಿ ಕೊಟ್ಟದ್ದು. ಮಾದವನ್ ಮೆಟ್ಟಿಲಿಳಿಯುವಾಗ ಹಿಂದಿನಿಂದ ದನಿ ಬಂತು: "ಆ ರಕ್ತಪರೀಕ್ಷೆ... ಇಲ್ಲೇ ದಿಂಡಿಗಲ್‌ನಲ್ಲೂ ಮಾಡ್ತಾರಾ?"

ಅಕ್ಕನಿಗೆ ಹೇಳುವುದು ಮಾತ್ರ ಉಳಿದಿತ್ತು. ಎರಡು ದಿನ ಅವಳ ಫೋನು ಬಡಿದುಕೊಂಡು ಸುಮ್ಮನಾಯಿತು. ಕೋಣೆಯಲ್ಲಿ ಈಗ ಬಾಟಲಿಯ ಗಲಗಲವೂ ಇಲ್ಲ. ರೈಲು ನಿಲ್ದಾಣದ ಕಡೆಯಿಂದ ಯಾರಿಗೋ ಏನೋ ಹೇಳುವ ಧ್ವನಿವರ್ಧಕ ಮಾತ್ರ. ಮೂರನೆಯ ಸಂಜೆ ಫೋನು ಎತ್ತಿಕೊಂಡ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟ.

ಆ ಕಡೆ ಪಾತ್ರೆಯೊಂದನ್ನು ಕುಕ್ಕಿದ ಸದ್ದು ಕೇಳಿತು.

"ನಾನ್ ಕಿಡ್ನಿ ಕೇಳ್ದೆನಾ, ಪೈಲ್ವಾನನ್ನ ಕೇಳ್ದೆನಾ?" ಎಂದಳು ಜೆಯಂತಿ. "ನಂಗೆ ದಿನಕ್ಕೆ ಇಷ್ಟೇ ನೀರು ಅಂತ ಅಳೆದು ಕೊಡ್ತಾರೆ. ನೀನು ಅಲ್ಲಿ ಅಳತೆ ಇಲ್ದೆ ಆ ಮಣ್ಣು ಕುಡೀತಿದ್ಯಾ?"

"ನಿಂಗೋಸ್ಕರ ಅಕ್ಕಾ..."

"ಗೊತ್ತು ಸುಮ್ಮನಿರು. ಉಂಡಿಯಾ?"

"ಇಲ್ಲೆ," ಎಂದ ಮಾದವನ್. ಬಹಳ ದಿನಗಳ ಮೇಲೆ ಹೇಳಿದ ನಿಜ.

"ಫೋನ್ ಕಟ್ ಮಾಡ್ಬೇಡ, ಹಂಗೇ ಇಟ್ಟಿರು. ತಟ್ಟೆ ಎತ್ತು. ನಾನೂ ಕೂರ್ತೀನಿ."

ಅಂದಿನಿಂದ ಸಂಜೆಯ ಊಟ ಹಾಗೆಯೇ. ದಿಂಡಿಗಲ್‌ನಲ್ಲಿ ಇವನ ತಟ್ಟೆಗೆ ಹುರುಳಿ, ಮೊಟ್ಟೆ. ಚಿನ್ನಮನೂರಿನಲ್ಲಿ ಅವಳ ತಟ್ಟೆಗೆ ಉಪ್ಪಿಲ್ಲದ ಅನ್ನ. ಮಾತು ಹೆಚ್ಚೇನೂ ಇರುತ್ತಿರಲಿಲ್ಲ. ಅಗಿಯುವ ಸದ್ದು ಕೇಳದಿದ್ದರೆ ಅವಳು, "ಏನ್ ತಂಬಿ, ಇದ್ದೀಯಾ?" ಅನ್ನುತ್ತಿದ್ದಳು. ಮುಗಿದ ಮೇಲೆ ಅವನು ತನ್ನ ಒಂದೇ ತಟ್ಟೆ ತೊಳೆದು, ಅಂಕಿ ಇಳಿಯದೆ ಹೋದರೆ ಏನು ಗತಿ ಎಂದು ಯೋಚಿಸುತ್ತಾ ಕೂರುತ್ತಿದ್ದ. ಆ ಯೋಚನೆಯನ್ನು ಫೋನಿನಲ್ಲಿ ಹಂಚಿಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಮೈ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೇ. ಮೊದಲು ತಟ್ಟೆ ನೋಡಿ, ಸಾಲದಿದ್ದರೆ ಆಮೇಲೆ ಪುಡಿ. ಕೊಳ್ಳುವುದಾದರೆ ಸೀಲು ಒಡೆಯದ ಡಬ್ಬಿಯನ್ನೇ ಕೊಳ್ಳಿ. ಒಳಗೆ ಏನೇನಿದೆ, ಎಷ್ಟೆಷ್ಟಿದೆ, ಅವಧಿ ಎಂದು ಮುಗಿಯುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ಎಂದು ಓದಿ. ಹೆಸರಿಲ್ಲದ ಪೊಟ್ಟಣವನ್ನು ಯಾರು ಕೊಟ್ಟರೂ ಬೇಡ ಅನ್ನಿ. ನಿಮಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದರೆ, ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ, ಡಾಕ್ಟರನ್ನು ಕೇಳದೆ ಒಂದು ಚಮಚವೂ ಬೇಡ. ಆಸ್ಪತ್ರೆಯಲ್ಲಿ ಮದ್ದಿನ ಮಾತು ಬಂದಾಗ ಪುಡಿಯ ಹೆಸರನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ. ನಿಮ್ಮ ಊರಿನಿಂದ ದೂರದ ಕೋಣೆಯಲ್ಲಿ ಒಬ್ಬನೇ ಇರುವ ಹುಡುಗನಿದ್ದರೆ, ಉಂಡೆಯಾ ಎಂದಷ್ಟೇ ಕೇಳಿ ಬಿಡಬೇಡಿ. ಏನು ಉಂಡೆ ಎಂದೂ ಕೇಳಿ.

ಸೆಪ್ಟೆಂಬರ್ 23ರ ಬೆಳಿಗ್ಗೆ ಮಾದವನ್ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದ. ಜೇಬಿನ ಫೋನಿನಲ್ಲಿ ಅಕ್ಕ ಇದ್ದಳು, ಉಸಿರು ಬಿಗಿಹಿಡಿದು. ಡಾಕ್ಟರಮ್ಮ ಹಾಳೆಯನ್ನು ಅವನ ಕಡೆ ತಿರುಗಿಸಿದರು. ಅವನು ಅಕ್ಕನಿಗೆ ಕೇಳುವಂತೆ ಗಟ್ಟಿಯಾಗಿ ಓದಿದ.

ಕ್ರಿಯಾಟಿನಿನ್, ಡೆಸಿಲೀಟರಿಗೆ 0.9 ಮಿಲಿಗ್ರಾಂ.