ಇಪ್ಪತ್ತನೆಯ ಹೆಂಗಸು

ಅಂಗಳದ ಎರಡು ತೆಂಗಿನ ಮರಗಳ ನಡುವೆ ಫ್ಲೆಕ್ಸ್ ಕಟ್ಟುತ್ತಿದ್ದ ದಿನೇಶನ ಏಣಿಯನ್ನು ಕವಿತಾ ಹಿಡಿದು ಅಲ್ಲಾಡಿಸಿದಳು.

"ಇಳಿ ಕೆಳಗೆ."

"ಎಂತಕ್ಕೆ? ನಿಮ್ಮಪ್ಪನೇ ಕಟ್ಟೂಕೆ ಹೇಳಿದ್ದು."

ಭಟ್ಕಳ ಡಿಪೋದಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದ ಅವಳ ಮೈಮೇಲೆ ಇನ್ನೂ ಕಂಡಕ್ಟರ್ ಖಾಕಿ ಇತ್ತು. ಮಂಕಿ ಊರಿನ ಈ ಮನೆಯ ಜಗಲಿಯಲ್ಲಿ ಅವಳ ಸೋದರತ್ತೆ ಹೊನ್ನಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಫ್ಲೆಕ್ಸಿನಲ್ಲಿ 'ನಮ್ಮೂರ ಹೆಮ್ಮೆಯ ಕಲಾವಿದೆಗೆ ಅಶ್ರುತರ್ಪಣ' ಎಂದಿತ್ತು. ಅದರ ಕೆಳಗೆ ಹೊನ್ನಿ ಮರದ ಅಚ್ಚು ಕೊರೆದು ಮೂಡಿಸಿದ ಚಿತ್ರ: ಊಟದ ಪಂಕ್ತಿಯಲ್ಲಿ ಕೂತ ಹೆಂಗಸರು. ಕವಿತಾ ಎಣಿಸಿದಳು. ಹತ್ತೊಂಬತ್ತು. ಇಪ್ಪತ್ತನೆಯವಳು ಇರಬೇಕಾದ ಮೂಲೆಯಲ್ಲಿ ಕವಿತಾಳ ಅಪ್ಪ ಕುಪ್ಪ, ಪಂಚಾಯತಿ ಮೆಂಬರು, ಫೋಟೋದಲ್ಲಿ ಕೈಮುಗಿದು ನಿಂತಿದ್ದ.

"ಇಲ್ಲೊಬ್ಬಳು ಇದ್ಲು. ಎಲ್ಲಿ ಹೋದ್ಲು?"

ದಿನೇಶ ಹಗ್ಗದ ಗಂಟನ್ನೇ ನೋಡಿದ. "ಫೋಟೋಕ್ಕೆ ಜಾಗ ಸಾಕಾಗ್ಲಿಲ್ಲ. ಆ ಬೆನ್ನು ಹಾಕಿ ಕೂತವಳನ್ನ ತೆಗಿ ಅಂದ್ರು ನಿಮ್ಮಪ್ಪ."

*

ಹೊನ್ನಿ ಇಪ್ಪತ್ತೆರಡನೇ ವಯಸ್ಸಿಗೆ ಗಂಡನನ್ನು ಬಿಟ್ಟು ತವರಿಗೆ ಬಂದವಳು. ಅವನು ಕುಡಿದು ಹೊಡೆಯುವವನಾಗಿದ್ದರೆ ಜನ ಅಯ್ಯೋ ಎನ್ನುತ್ತಿದ್ದರೇನೋ. "ಅವ ಒಳ್ಳೆಯವನೇ. ನಂಗೆ ಬೇಡ" ಎಂದಳು. ಅದನ್ನು ಯಾರೂ ಕ್ಷಮಿಸಲಿಲ್ಲ. ಅಲ್ಲಿಂದ ಮುಂದೆ ಯಾರ ಮನೆಯ ಮದುವೆಯಾದರೂ ಪಂಕ್ತಿ ಎದ್ದ ಮೇಲೆ, ಕೊಟ್ಟಿಗೆಯ ಬದಿಗೆ, ಅವಳಿಗೊಂದು ಊಟದ ಬಾಳೆಲೆ.

ಹೊನ್ನಾವರದ ಹೈಸ್ಕೂಲಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಡ್ರಾಯಿಂಗ್ ಮಾಸ್ತರು ರವೀಂದ್ರ ಮಕ್ಕಳಿಗೆ ಮರದಲ್ಲಿ ಅಚ್ಚು ಕೊರೆಯಲು ಕಲಿಸುವಾಗ ಇವಳು ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಒಂದು ದಿನ ಹಲಸಿನ ಹಲಗೆಯ ತುಂಡು ತಂದು, "ನಂಗೂ ಒಂದು ಉಳಿ ಕೊಡಿ ಮಾಸ್ತರೇ" ಎಂದಳು.

ಶಾಲೆ ಬಿಟ್ಟ ಮೇಲೆ ಕೂತು ಎರಡು ವರ್ಷ ಕೊರೆದಳು. ಮೊದಲ ಹಲಗೆಯಲ್ಲಿ ತಲೆ ತಗ್ಗಿಸಿ ಉಣ್ಣುವ ಒಬ್ಬ ಹೆಂಗಸು. ಶಾಯಿ ಬಳಿದು, ಹಲಗೆಯ ಮೇಲೆ ಕಾಗದವಿಟ್ಟು, ಸೌಟಿನ ಬೆನ್ನಿನಿಂದ ತಿಕ್ಕಿದಳು. ಸಾಲಾಗಿ ಹತ್ತೊಂಬತ್ತು ಸಲ. ಆಮೇಲೆ ಇನ್ನೊಂದು ಹಲಗೆ: ತಲೆಯೆತ್ತಿ, ಎಲ್ಲರಿಗೂ ಬೆನ್ನು ಹಾಕಿ, ತನ್ನ ಬಾಳೆಯ ಮುಂದೆ ಕೂತವಳು.

"ಇವಳು ಯಾಕೆ ತಿರುಗಿ ಕೂತದ್ದು?" ಎಂದು ಮಾಸ್ತರು ಕೇಳಿದ್ದರು.

"ತಿರುಗಿ ಕೂತದ್ದು ಅವ್ರು. ನನ್ನ ಬಾಳೆ ಇದ್ದಲ್ಲಿ ನಾ ಕೂತದ್ದು. ಅವರಷ್ಟೂ ಜನಕ್ಕೆ ಒಂದೇ ಅಚ್ಚು ಸಾಕಾತು ನೋಡಿ. ನಂಗೆ ಬೇರೆ ಹಲಗೆ ಬೇಕಾತು."

ಕುಮಟೆಯ ಪ್ರದರ್ಶನದಲ್ಲಿ ಆ ಚಿತ್ರ ತೂಗುಹಾಕಿದರು, ಪೇಪರಿನಲ್ಲಿ ಬಂತು. ಊರಿನವರು ತಮ್ಮನ್ನು ತಾವು ಗುರುತಿಸಿಕೊಂಡರು. ಕುಪ್ಪ ಎರಡನೆಯ ಹಲಗೆಯನ್ನು ಹುಡುಕಿ ತೆಗೆದು, ಕೊಡಲಿಯಿಂದ ಸೀಳಿ ಬಚ್ಚಲ ಒಲೆಗೆ ಹಾಕಿದ. ಹತ್ತು ವರ್ಷದ ಕವಿತಾ ಆ ಬೆಂಕಿಯಲ್ಲಿ ಕಾದ ನೀರಿನಲ್ಲೇ ಮಿಂದು ಶಾಲೆಗೆ ಹೋದಳು. ಹೊನ್ನಿ ಅಂದೇ ಬಟ್ಟೆ ಗಂಟು ಕಟ್ಟಿ ಹೊನ್ನಾವರದಲ್ಲೊಂದು ಬಾಡಿಗೆ ಕೋಣೆ ಹಿಡಿದಳು. ಹದಿನಾರು ವರ್ಷ ಅಣ್ಣ ಆ ಕಡೆ ಹೋಗಲಿಲ್ಲ. ಹೋದ ವರ್ಷ ಅವಳಿಗೆ ಪ್ರಶಸ್ತಿ ಬಂದ ಮೇಲೆ ಮಾತ್ರ 'ನಮ್ಮ ಹೊನ್ನಿ' ಎನ್ನತೊಡಗಿದ. ನಿನ್ನೆ ಅವಳು ತೀರಿಕೊಂಡ ಸುದ್ದಿ ಸಿಕ್ಕಿದ್ದೇ ವ್ಯಾನು ಮಾಡಿಕೊಂಡು ಹೋಗಿ ಹೆಣ ತಂದಿದ್ದ.

*

"ಏ ಕವಿತಾ, ಹೆಣ ಇಟ್ಕಂಡು ಎಂತ ಗಲಾಟೆ ಇದು?" ಕುಪ್ಪ ಜಗಲಿಯಿಂದ ಇಳಿದು ಬಂದ.

"ಅತ್ತೇನ ಯಾಕೆ ತೆಗ್ಸಿದೆ?"

"ಪೇಪರಿನವರು ಬರ್ತಾರೆ. ನಮ್ಮನೆ ಹೆಂಗಸು ಊರಿಗೆ ಬೆನ್ನು ಹಾಕಿದ್ದು ತೋರ್ಸೂದಾ? ಎಲ್ಲರ ಒಟ್ಟಿಗೆ ಇದ್ಲು ಅಂತ ಆಗ್ಲಿ. ಅವಳಿಗೇ ಮರ್ಯಾದೆ."

"ಒಟ್ಟಿಗೆ?" ಎಂದಳು ಕವಿತಾ. "ನಿನ್ನ ಮದುವೇಲಿ ಅವಳಿಗೆ ಎಲ್ಲಿ ಬಾಳೆ ಹಾಕಿದ್ರಿ? ಇವರೆಲ್ಲರ ಮುಂದೆ ಹೇಳು."

ಹೆಣದ ಕಾಲ ಬಳಿ ಕೂತಿದ್ದ ಮುದುಕಿ, ಕುಪ್ಪನ ದೊಡ್ಡಮ್ಮ, ನೆಲ ನೋಡುತ್ತ ಹೇಳಿದಳು: "ಕೊಟ್ಟಿಗೆ ಬದಿಗೆ. ನಾನೇ ಹಾಕಿದ್ದು."

ಕವಿತಾ ಜಗಲಿಯ ಮೂಲೆಯಿಂದ ಕತ್ತಿ ತಂದು ಎರಡೂ ಹಗ್ಗ ಕಡಿದಳು. ಫ್ಲೆಕ್ಸ್ ಧೊಪ್ಪನೆ ಬಿತ್ತು.

"ಹಂಗಾರೆ ನಾ ಹೆಗಲು ಕೊಡೂದಿಲ್ಲ," ಕುಪ್ಪ ಕೂಗಿದ. "ಈ ಊರಲ್ಲಿ ಯಾರೂ ಕೊಡೂದಿಲ್ಲ. ಎಂತ ಮಾಡ್ತೆ ಮಾಡು."

ಅವನು ಬೇಲಿಯ ಬದಿಗೆ ಹೋಗಿ ನಿಂತ; ಅಂಗಳದ ಗಂಡಸರು ಒಬ್ಬೊಬ್ಬರೇ ಸರಿದು ಅವನ ಹಿಂದೆ ನಿಂತರು. ಹೊನ್ನಾವರದಿಂದ ಬಂದಿದ್ದ ರವೀಂದ್ರ ಮಾಸ್ತರು ಪಂಚೆ ಎತ್ತಿ ಕಟ್ಟಿ ಮುಂದೆ ಬಂದರು. ಅವರ ಶಾಲೆಯಲ್ಲಿ ಗಂಟೆ ಹೊಡೆಯುವ ಪ್ರದೀಪ ಬಂದ. ಸ್ವಲ್ಪ ಹೊತ್ತು ಬಿಟ್ಟು, ಕುಪ್ಪನ ಕಡೆ ನೋಡದೆ, ದಿನೇಶ ಏಣಿಯಿಂದ ಇಳಿದು ಬಂದ. ಹೆಣವನ್ನು ಚಟ್ಟಕ್ಕೇರಿಸಿದ ಮೇಲೆ ಅದರ ನಾಲ್ಕನೆಯ ಮೂಲೆಗೆ ಕವಿತಾ ಕೈಹಾಕಿದಳು.

"ಹೆಣ್ಣುಮಕ್ಕಳು ಚಟ್ಟ ಹೊರೂದಾ?" ಯಾರೋ ಅಂದರು.

ಎತ್ತಿದರು. ಕವಿತಾ ಉಳಿದ ಮೂವರಿಗಿಂತ ಗೇಣುದ್ದ ಎತ್ತರ. ಅವಳ ಮೂಲೆ ಮೇಲಾಗಿ ಚಟ್ಟ ಓರೆಯಾಯಿತು.

"ಮಗಾ, ಸ್ವಲ್ಪ ಬಗ್ಗಿ ನಡಿ," ಬೇಲಿಯ ಬದಿಯಿಂದ ಯಾರೋ ಕೂಗಿದರು. "ಎಲ್ಲರಿಗೂ ಸಮ ಆಗ್ತದೆ."

ಕವಿತಾ ಬಗ್ಗಲಿಲ್ಲ. ಬೇಲಿಯ ದಣಪೆ ದಾಟುವಷ್ಟರಲ್ಲಿ ಉಳಿದ ಮೂವರು ತಮ್ಮ ಮೂಲೆಗಳನ್ನು ಹೆಗಲಿನಿಂದ ಅಂಗೈಗೆ, ಅವಳ ಹೆಗಲಿನ ಎತ್ತರಕ್ಕೆ, ಎತ್ತಿಕೊಂಡರು.